‘ಸಿಮ್ಮರ್ ಅಂದ್ರೆ ಸಿಮ್ಮಾ?’: ಹೊರದೇಶದ ಅಡುಗೆ ಮಾತುಗಳನ್ನು ಅಮ್ಮನಿಗೆ ಹೇಗೆ ಬರೆದುಕೊಡೋದು

ನೀರುಮಜ್ಜಿಗೆ:

ಎಲ್ಲರಿಗೂ ನಮಸ್ಕಾರ. ಅಮ್ಮ ಮೂರು ತಿಂಗಳಿಗೆ ಅಂತ ಹಾಸನದಿಂದ ಇಲ್ಲಿಗೆ, ಜರ್ಮನಿಗೆ ಬಂದಿದ್ದಾರೆ. ನಾನು, ನಮ್ಮ ಯಜಮಾನರು ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರೋದು. ಮಗಳಿಗೆ ಏಳು ವರ್ಷ. ಅವಳಿಗೆ ಪಾಸ್ತಾ ಬೇಕು, ಸೂಪು ಬೇಕು, ಕೇಕು ಬೇಕು. ಅಮ್ಮನಿಗೂ ಕಲಿಯುವ ಆಸೆ. ಇಂಗ್ಲಿಷ್ ಓದೋಕೆ ಬರಲ್ಲ, ಜರ್ಮನ್ ಅಂತೂ ಕೇಳಲೇಬೇಡಿ. ಹಾಗಾಗಿ ಕನ್ನಡದಲ್ಲಿ ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ ಹೋಗುತ್ತೇನೆ.

ಮೊನ್ನೆಯ ಚೀಟಿ ಹೀಗಿತ್ತು: ‘ಈರುಳ್ಳಿ ಸೊಟೆ ಮಾಡಿ. ತರಕಾರಿ ಹಾಕಿ ಇಪ್ಪತ್ತು ನಿಮಿಷ ಸಿಮ್ಮರ್ ಮಾಡಿ. ಪಾಸ್ತಾ ಆಲ್ ದೆಂತೆ ಬೇಯಿಸಿ. ಕೇಕಿಗೆ ಮೊಟ್ಟೆಯ ಬಿಳಿ ನೊರೆ ಮಾಡಿ ಹಿಟ್ಟಿನೊಳಗೆ ಮಡಚಿ.’

ಹನ್ನೊಂದು ಗಂಟೆಗೆ ಫೋನು. ‘ಸಿಮ್ಮರ್ ಅಂದ್ರೆ ಸಿಮ್ಮಾ? ಈ ಒಲೆ ಮೇಲೆ ಸಿಮ್ ಅಂತಾನೇ ಇಲ್ವಲ್ಲೇ, ಒಂದರಿಂದ ಒಂಬತ್ತು ಅಂತ ಇದೆ.’ ಮೀಟಿಂಗ್‌ನಿಂದ ಎದ್ದು ಹೊರಗೆ ಬಂದು ಹೇಳಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಫೋನು. ‘ನೊರೆನ ಹೆಂಗೆ ಮಡಚೋದು? ಅದೇನು ಸೀರೆನಾ?’

ಸಂಜೆ ಬಂದು ನೋಡಿದರೆ ಸೂಪಿನ ಈರುಳ್ಳಿ ಬಿರಿಯಾನಿ ಮೇಲೆ ಉದುರಿಸೋ ಹಾಗೆ ಕೆಂಪಗೆ, ಗರಿಗರಿ. ಪಾಸ್ತಾ ಶ್ಯಾವಿಗೆ ಪಾಯಸದಷ್ಟು ಮೆತ್ತಗೆ. ಕೇಕು ಹಲಗೆ. ಅಮ್ಮನ ಕೈಯಲ್ಲಿ ತಪ್ಪಿಲ್ಲ, ನನ್ನ ಚೀಟಿಯಲ್ಲೇ ತಪ್ಪು. ನೀವೆಲ್ಲ ಈ ಮಾತುಗಳಿಗೆ ಕನ್ನಡದಲ್ಲಿ ಏನು ಬರೆಯುತ್ತೀರಿ?

ಒರಳುಕಲ್ಲು:

ಸೀರೆ ಮಾತಿಗೆ ಬಿದ್ದು ಬಿದ್ದು ನಕ್ಕೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಸೊಟೆ ಫ್ರೆಂಚ್ ಮಾತು. ಅಲ್ಲಿ ಅದರ ಅರ್ಥ ‘ಜಿಗಿಸಿದ್ದು’. ಬಾಣಲೆಯ ಹಿಡಿ ಹಿಡಿದು ಒಂದು ಸಲ ಜಗ್ಗಿದರೆ ಒಳಗಿರೋದು ಹಾರಿ ಮಗುಚಿ ಬೀಳುತ್ತಲ್ಲ, ಆ ಜಿಗಿತ. ಉರಿ ಜೋರಿರಬೇಕು, ಎಣ್ಣೆ ಕಮ್ಮಿ, ಬಾಣಲೆ ಕಿಕ್ಕಿರಿಯಬಾರದು. ಕಿಕ್ಕಿರಿದರೆ ತರಕಾರಿ ನೀರು ಬಿಟ್ಟುಕೊಂಡು ಅದರಲ್ಲೇ ಬೆಂದು ಹೋಗುತ್ತೆ.

ಆದರೆ ಸೂಪಿನ ಈರುಳ್ಳಿಗೆ ಬೇಕಾದದ್ದು ಇದಲ್ಲವೇ ಅಲ್ಲ. ಅದಕ್ಕೆ ಫ್ರೆಂಚ್ ಅಡುಗೆಯವರ ಹತ್ತಿರ ಬೇರೆ ಮಾತಿದೆ, ‘ಬೆವರಿಸೋದು’ ಅಂತ. ಸಣ್ಣ ಉರಿ, ಚಿಟಿಕೆ ಉಪ್ಪು, ಬೇಕಿದ್ದರೆ ಮೇಲೊಂದು ತಟ್ಟೆ. ಈರುಳ್ಳಿ ಬೆವರಿ, ಬೆಳ್ಳಗಿದ್ದದ್ದು ಗಾಜಿನ ಹಾಗಾಗಿ, ಸೊರಗಿ ಕೂರಬೇಕು. ಕೆಂಪಾಗಬಾರದು. ಇದಕ್ಕೆ ನಮ್ಮಲ್ಲಿ ಅಚ್ಚುಕಟ್ಟಾದ ಮಾತೇ ಇದೆ: ಬಾಡಿಸು. ‘ಈರುಳ್ಳಿ ಬಾಡಿಸು’ ಅಂತ ಬರೆದಿದ್ದರೆ ನಿಮ್ಮಮ್ಮ ಫೋನೇ ಮಾಡುತ್ತಿರಲಿಲ್ಲ.

ತೊಂದರೆ ಇರೋದು ‘ಹುರಿ’ ಮಾತಿನಲ್ಲಿ. ನಾವು ಧನಿಯ ಎಣ್ಣೆ ಇಲ್ಲದೆ ಹುರಿಯುತ್ತೇವೆ, ರವೆ ತುಪ್ಪ ಹಾಕಿ ಹುರಿಯುತ್ತೇವೆ, ಈರುಳ್ಳಿ ಎಣ್ಣೆಯಲ್ಲಿ ಹುರಿಯುತ್ತೇವೆ. ಮೂರಕ್ಕೂ ಒಂದೇ ಮಾತು. ಇಂಗ್ಲಿಷಿನವರು ಮೂರು ಮಾಡಿಕೊಂಡಿದ್ದಾರೆ. ಹಾಗಂತ ನಮ್ಮದು ಬಡ ಭಾಷೆ ಅಂದುಕೊಳ್ಳಬೇಡಿ. ಜಪಾನೀಯರಿಗೆ ಮೀನು ಕೆಂಡದ ಮೇಲೆ ಸುಡೋದು, ಬ್ರೆಡ್ ಕಾಯಿಸೋದು, ಕೇಕು ಮಾಡೋದು ಎಲ್ಲಾ ‘ಯಾಕು’. ತೆರಿಯಾಕಿ, ತಾಕೋಯಾಕಿ, ಒಕೊನೊಮಿಯಾಕಿ ಎಲ್ಲದರ ಬಾಲದಲ್ಲೂ ಇರೋದು ಅದೇ.

ಶಬ್ದಪ್ರಿಯ:

ನಮ್ಮ ಭಾಷೆಯಲ್ಲಿ ಪದಸಂಪತ್ತಿಗೇನು ಕೊರತೆ? ಸಿಮ್ಮರ್ ಮಾಡಿ ಅನ್ನುವ ಬದಲು ‘ಮಂದಾಗ್ನಿಯಲ್ಲಿ ಪಕ್ವಗೊಳಿಸಿ’ ಎಂದು ಸೊಗಸಾಗಿ ಬರೆಯಬಹುದು.

ಮಸಾಲೆಡಬ್ಬಿ:

ಶಬ್ದಪ್ರಿಯ ಸರ್, ನಮ್ಮಜ್ಜಿಗೆ ಮಂದಾಗ್ನಿ ಅಂತ ಆಯುರ್ವೇದದ ಡಾಕ್ಟರು ಕಷಾಯ ಕೊಟ್ಟಿದ್ದರು. ಹೊಟ್ಟೆ ಹಸಿಯದ ಕಾಯಿಲೆ ಅದು. ಅದರಲ್ಲಿ ಸೂಪು ಬೇಯಿಸೋದು ಬೇಡ.

ಈ ಸಿಮ್ ಕಥೆಯಲ್ಲೊಂದು ಮಜಾ ಇದೆ. ಗ್ಯಾಸ್ ಒಲೆಯ ತಿರುಗಣೆ ಮೇಲೆ ಸಿಮ್ ಅಂತ ಬರೆದಿರುತ್ತಲ್ಲ, ಅದು ಸಿಮ್ಮರ್‌ನ ಮೊಟಕು. ಇಂಗ್ಲಿಷಿನಲ್ಲಿ ಅದು ಪಾತ್ರೆಯೊಳಗಿನ ನೀರಿನ ಸ್ಥಿತಿ ಹೇಳೋ ಮಾತು. ನಮ್ಮ ಅಡುಗೆಮನೆಗೆ ಬಂದ ಮೇಲೆ ಕೆಳಗಿನ ಉರಿಗೆ ಹೆಸರಾಯಿತು. ಹಾಲು ಸಿಮ್‌ನಲ್ಲಿಡು ಅಂದರೆ ಉರಿ ಸಣ್ಣ ಮಾಡು ಅಂತ ಅರ್ಥ, ಹಾಲು ಹೇಗಿರಬೇಕು ಅಂತ ಅಲ್ಲ. ಹತ್ತು ಲೀಟರ್ ಪಾತ್ರೆ ಸಿಮ್‌ನಲ್ಲಿಟ್ಟರೆ ಒಂದು ಗುಳ್ಳೆಯೂ ಬರಲ್ಲ. ಅಂಗೈಯಗಲದ ಪಾತ್ರೆ ಅದೇ ಸಿಮ್‌ನಲ್ಲಿ ಕೊತಕೊತ ಕುದಿಯುತ್ತೆ. ಅದಕ್ಕೇ ನಿಮ್ಮಮ್ಮ ಕೇಳಿದ್ದು ಸರಿಯಾದ ಪ್ರಶ್ನೆ.

ನಾನಾಗಿದ್ದರೆ ‘ಕುದಿ ಬಂದ ಮೇಲೆ ಉರಿ ಇಳಿಸಿ, ಗುಳ್ಳೆ ಅಲ್ಲೊಂದು ಇಲ್ಲೊಂದು ಬರುತ್ತಿರಲಿ’ ಅಂತ ಬರೆಯುತ್ತಿದ್ದೆ. ಉದ್ದ ಆಯಿತು ನಿಜ. ಆದರೆ ಗುಳ್ಳೆ ನೋಡಿ ಅಳೆಯೋದು ಹಳೇ ಪದ್ಧತಿ. ಚೀನಾದಲ್ಲಿ 8ನೇ ಶತಮಾನದಲ್ಲಿ ಲು ಯು ಅನ್ನೋರು ಚಹಾ ಬಗ್ಗೆ ಬರೆದಾಗ ನೀರಿನ ಕುದಿಯನ್ನು ಮೂರು ಮಾಡಿದ್ದರು. ಮೊದಲನೆಯದಕ್ಕೆ ಗುಳ್ಳೆ ಮೀನಿನ ಕಣ್ಣಿನ ಹಾಗೆ, ಎರಡನೆಯದಕ್ಕೆ ಅಂಚಿನಲ್ಲಿ ಮುತ್ತು ಪೋಣಿಸಿದ ಹಾಗೆ, ಮೂರನೆಯದು ಅಲೆ ಉಕ್ಕಿದ ಹಾಗೆ. ಫ್ರೆಂಚರು ಕುದಿಗೆ ಮುಂಚಿನ ನೀರನ್ನು ‘ನಡುಗುತ್ತಿದೆ’ ಅನ್ನುತ್ತಾರೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಎಲ್ಲರೂ ಕಣ್ಣನ್ನೇ ನಂಬಿದವರು.

ಮಿಲಾನ್ ಮಾವ:

ಹದಿನಾಲ್ಕು ವರ್ಷದಿಂದ ಇಟಲಿಯಲ್ಲಿದ್ದೀನಿ, ಆಲ್ ದೆಂತೆ ನನಗೆ ಬಿಡಿ. ಅದರ ಅರ್ಥ ‘ಹಲ್ಲಿಗೆ’, ಅಷ್ಟೇ. ಗೋರಿಕಾಯಿ ಪಲ್ಯ ಮಾಡುವಾಗ ನಮ್ಮಮ್ಮ ‘ಪೂರ್ತಿ ಕರಗಿಸಬೇಡ, ಹಲ್ಲಿಗೆ ಸಿಗಬೇಕು’ ಅನ್ನೋರು. ಎರಡೂ ಒಂದೇ ಮಾತು ಅಲ್ವಾ? ಇಲ್ಲಿಗೆ ಬಂದ ಹೊಸದರಲ್ಲಿ ನಾನು ಮಾಡಿದ ಪಾಸ್ತಾ ತಿಂದ ಪಕ್ಕದ ಮನೆ ಅಜ್ಜಿ ಮೂರು ದಿನ ಸರಿಯಾಗಿ ಮಾತಾಡಲಿಲ್ಲ.

ಪೊಟ್ಟಣದ ಮೇಲೆ ಹತ್ತು ನಿಮಿಷ ಅಂತಿದ್ದರೆ ಎಂಟಕ್ಕೇ ಒಂದು ಎಳೆ ತೆಗೆದು ಕಚ್ಚಿ ನೋಡಲಿ. ನಡುವೆ ಸಣ್ಣ ಬಿಳಿ ಚುಕ್ಕೆ ಕಾಣುತ್ತೆ. ಆಗಲೇ ಬಸಿದು, ಒಲೆ ಮೇಲಿರೋ ಟೊಮೆಟೊ ಸಾಸಿಗೆ ಹಾಕಿ ಅಲ್ಲೇ ಒಂದೆರಡು ನಿಮಿಷ ಮಗುಚಿದರೆ ಉಳಿದದ್ದು ಬೇಯುತ್ತೆ. ಬಸಿದ ನೀರು ಮಾತ್ರ ಚೆಲ್ಲಬಾರದು. ಅದರಲ್ಲಿ ಪಾಸ್ತಾದ ಗಂಜಿ ಇಳಿದಿರುತ್ತೆ. ಒಂದು ಸೌಟು ಸಾಸಿಗೆ ಹಾಕಿದರೆ ಸಾಸು ಪಾಸ್ತಾಗೆ ಅಂಟಿಕೊಳ್ಳುತ್ತೆ. ಬಸ್ಸಾರು ಮಾಡೋ ಊರಿನವರಿಗೆ ಬಸಿದ ನೀರಿನ ಬೆಲೆ ನಾನು ಹೇಳಬೇಕಾ?

ನೈರೋಬಿ ನಂಜಪ್ಪನ ಮೊಮ್ಮಗ:

ಹಾಸನ ಅಂದ ತಕ್ಷಣ ಮುದ್ದೆ ನೆನಪಾಯಿತು. ನಾನಿರೋದು ಕೀನ್ಯಾದಲ್ಲಿ. ಇಲ್ಲಿನ ದಿನದ ಊಟ ಉಗಾಲಿ. ಮೆಕ್ಕೆಜೋಳದ ಹಿಟ್ಟು, ಕುದಿಯೋ ನೀರು, ಮರದ ಕೋಲು. ನೋಡಿದರೆ ಥೇಟ್ ಬಿಳೀ ಮುದ್ದೆ. ನೀರುನೀರಾಗಿ ಮಾಡಿದರೆ ‘ಉಜಿ’, ಅದು ನಮ್ಮ ಅಂಬಲಿ. ಇನ್ನೊಂದು ಸಂಗತಿ ಇಲ್ಲಿಗೆ ಬರೋ ತನಕ ನನಗೆ ಗೊತ್ತಿರಲಿಲ್ಲ. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಈ ಎತ್ತರದ ಸೀಮೆಯಲ್ಲಿ. ಇಲ್ಲಿ ಅದರ ಹೆಸರು ‘ವಿಂಬಿ’. ಸಂತೆಯಲ್ಲಿ ಸೇರಿನ ಲೆಕ್ಕದಲ್ಲಿ ರಾಗಿ ಅಳೆಯೋದು ನೋಡಿ ನಾನು ಅಲ್ಲೇ ನಿಂತುಬಿಟ್ಟಿದ್ದೆ.

ಉಗಾಲಿ ಜೊತೆ ಬಡವರ ಮನೆಯ ಸೊಪ್ಪಿನ ಪಲ್ಯ ಒಂದಿದೆ, ಹೆಸರು ‘ಸುಕುಮಾ ವಿಕಿ’. ಸ್ವಾಹಿಲಿಯಲ್ಲಿ ಅಂದರೆ ‘ವಾರ ತಳ್ಳು’. ಸಂಬಳ ಬರೋ ತನಕ ವಾರ ತಳ್ಳಿಸೋ ಸೊಪ್ಪು. ಇಂಥ ಹೆಸರನ್ನು ಅನುವಾದ ಮಾಡೋಕೆ ಕಷ್ಟವೇ ಇಲ್ಲ ನೋಡಿ, ನಮ್ಮ ಮನೆಯಲ್ಲೂ ತಿಂಗಳ ಕೊನೆಗೆ ಅದೇ ಕಥೆ.

ನೈಜೀರಿಯಾದ ಗೆಳೆಯನೊಬ್ಬ ಇದ್ದಾನೆ. ಅವರ ಕಡೆ ಫುಫು, ಎಬಾ, ಅಮಲಾ ಅಂತ ಬಗೆಬಗೆಯ ಮುದ್ದೆಗಳಿವೆ. ಯಾಮ್ ಅನ್ನೋ ಗೆಡ್ಡೆ ಕುಟ್ಟಿ, ಮರಗೆಣಸಿನ ಹಿಟ್ಟು ಕದಡಿ ಮಾಡೋದು. ಈ ಎಲ್ಲಕ್ಕೂ ಸೇರಿ ಅವರು ಇಂಗ್ಲಿಷಿನಲ್ಲಿ ಇಟ್ಟುಕೊಂಡಿರೋ ಹೆಸರು ‘ಸ್ವಾಲೋ’, ಅಂದರೆ ನುಂಗು. ‘ಇವತ್ತು ಸೂಪಿಗೆ ಯಾವ ನುಂಗು?’ ಅಂತ ಕೇಳುತ್ತಾರೆ. ಅವನನ್ನು ಮನೆಗೆ ಕರೆದು ಮುದ್ದೆ, ಉಪ್ಪುಸಾರು ಬಡಿಸಿದೆ. ಹೇಗೆ ತಿನ್ನಬೇಕು ಅಂತ ಹೇಳಿಕೊಡೋಕೆ ಬಾಯಿ ತೆರೆಯೋದರೊಳಗೆ ಮುರಿದು, ಅದ್ದಿ, ನುಂಗಿ ಆಗಿತ್ತು. ಬೆಂಗಳೂರಿನಲ್ಲಿ ನನ್ನ ಸ್ನೇಹಿತರು ಈಗಲೂ ಅಗಿಯುತ್ತಾರೆ.

ಜೋಳದರೊಟ್ಟಿ:

ನಾನು ಹುಬ್ಬಳ್ಳಿಯವ, ಸಣ್ಣದೊಂದು ಬೇಕರಿ ಇದೆ. ಇಂಟರ್‌ನೆಟ್ ನೋಡಿ ಮೆತ್ತನೆ ಹಾಲಿನ ಬ್ರೆಡ್ ಮಾಡೋಕೆ ಹೋಗಿದ್ದೆ. ಎಲ್ಲರ ಬಾಯಲ್ಲೂ ‘ತಾಂಗ್‌ಜೋಂಗ್’. ಚೀನೀ ಮಾತು. ಒಂದು ಪಾಲು ಹಿಟ್ಟಿಗೆ ಐದು ಪಾಲು ನೀರು ಹಾಕಿ, ಒಲೆ ಮೇಲೆ ಕದಡುತ್ತಾ ಸುಮಾರು 65 ಡಿಗ್ರಿಗೆ ಬಂದಾಗ ಅಂಟಿನ ಹಾಗಾಗುತ್ತೆ. ಅದನ್ನು ಉಳಿದ ಹಿಟ್ಟಿಗೆ ಸೇರಿಸಿ ನಾದೋದು. ಜಪಾನಿನವರದು ಇನ್ನೂ ಸರಳ. ಕುದಿಯೋ ನೀರನ್ನು ನೇರ ಹಿಟ್ಟಿಗೆ ಹುಯ್ದು ಕಲಸೋದು, ಅದರ ಹೆಸರು ‘ಯುದಾನೆ’.

ಇದನ್ನೆಲ್ಲ ದೊಡ್ಡ ವಿದ್ಯೆ ಅನ್ನೋ ಹಾಗೆ ಅವ್ವನಿಗೆ ವಿವರಿಸಿದೆ. ಅವ್ವ ಆಗ ರೊಟ್ಟಿಗೆ ಕೂತಿದ್ದಳು. ಪರಾತದಲ್ಲಿ ಜೋಳದ ಹಿಟ್ಟು, ನಡುವೆ ಗುಂಡಿ, ಗುಂಡಿಗೆ ಕುದಿಯೋ ಎಸರು. ಚಮಚದಿಂದ ಕಲಸಿ, ಕೈ ಸುಡದಷ್ಟು ಆರಿದ ಮೇಲೆ ಅಂಗೈ ಒತ್ತಿ ನಾದೋದು. ‘ಎಸರು ಹಾಕದಿದ್ರ ಹಿಟ್ಟಿಗೆ ಜಿಗಿ ಎಲ್ಲಿಂದ ಬರ್ತದೋ?’ ಅಂದಳು. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ಗ್ಲೂಟೆನ್ ಅನ್ನೋದಕ್ಕೆ ‘ಜಿಗಿ’ ಅಂತ ಬರೆಯಬಹುದಾ ಅಂತ ಯೋಚಿಸಿದ್ದೆ. ಪೂರ್ತಿ ಕೂಡಲ್ಲ. ಗೋಧಿಯಲ್ಲಿ ನಾದಿದಷ್ಟೂ ಜಿಗಿ ಬರುತ್ತೆ, ಅದು ಗ್ಲೂಟೆನ್. ಜೋಳದಲ್ಲಿ ಗ್ಲೂಟೆನ್ನೇ ಇಲ್ಲ. ಅಲ್ಲಿ ಜಿಗಿ ಬರೋದು ಬಿಸಿನೀರಿಗೆ ಪಿಷ್ಟ ಅರಳಿ ಅಂಟಾಗೋದರಿಂದ. ಕೈಗೆ ಎರಡೂ ಒಂದೇ ಥರ ಅನಿಸುತ್ತೆ, ಹಾಗಾಗಿ ಮಾತೂ ಒಂದೇ. ಗ್ಲೂಟೆನ್ ಆಗದವರಿಗೆ ಮಾತ್ರ ಜಿಗಿ ಅಂತ ಬರೆದುಕೊಡಬೇಡಿ, ಜೋಳದ ರೊಟ್ಟಿಯನ್ನೂ ಬಿಟ್ಟುಬಿಟ್ಟಾರು.

ಟೆಕ್ಕಿ ತಿಂಡಿಪೋತ:

ಒಂದು ಮಾತು ಹೇಳಲಾ, ಬೈಬೇಡಿ. ಇಷ್ಟೆಲ್ಲ ಯಾಕೆ? ಮಿಕ್ಸಿ, ಕುಕ್ಕರ್, ಗ್ಯಾಸ್, ಸಿಮ್ ಎಲ್ಲಾ ಇಂಗ್ಲಿಷೇ. ಅಮ್ಮಂದಿರು ಕಲಿಯಲಿಲ್ವಾ? ಸೊಟೆನೂ ಕಲಿಯುತ್ತಾರೆ. ಹತ್ತು ಸಲ ಮಾಡಿದರೆ ಆಯಿತು.

ಒರಳುಕಲ್ಲು:

ಬೈಯಲ್ಲ ತಮ್ಮ. ವಸ್ತುವಿನ ಹೆಸರು ಬೇರೆ, ಕೈಕೆಲಸದ ಹೆಸರು ಬೇರೆ. ಮಿಕ್ಸಿ ಕಣ್ಣೆದುರಿಗೆ ಇರುತ್ತೆ, ತೋರಿಸಿದರೆ ಆಯಿತು. ಕೈಕೆಲಸವನ್ನು ಫ್ರಿಜ್ ಬಾಗಿಲಿನ ಚೀಟಿ ತೋರಿಸಲ್ಲ. ಅಲ್ಲಿ ಮಾತೇ ಕೈಯಾಗಬೇಕು.

ಇಂಗ್ಲಿಷಿನವರೂ ಹುಟ್ಟುವಾಗಲೇ ಎಲ್ಲಾ ಮಾತು ಹೊತ್ತುಕೊಂಡು ಬಂದಿಲ್ಲ. ಸ್ಟರ್-ಫ್ರೈ ಅನ್ನೋ ಮಾತು ಎಲ್ಲಿಂದ ಬಂತು ಗೊತ್ತಾ? ಬುವೇ ಯಾಂಗ್ ಚಾವ್ ಅಂತ ಚೀನಾದ ವೈದ್ಯೆ, ಅಮೆರಿಕದಲ್ಲಿದ್ದವರು. 1945ರಲ್ಲಿ ಚೀನೀ ಅಡುಗೆ ಪುಸ್ತಕ ತಂದರು. ಜೋರು ಉರಿಯಲ್ಲಿ, ಬಿಡದೆ ಕೆದಕುತ್ತಾ, ಚಕಚಕ ಹುರಿಯೋದಕ್ಕೆ ಚೀನಿಯಲ್ಲಿ ಒಂದೇ ಒಂದು ಅಕ್ಷರದ ಮಾತಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಸಮ ಸಿಗಲಿಲ್ಲ. ಗಂಡ ಯುಆನ್ ರೆನ್ ಚಾವ್ ಹೆಸರಾಂತ ಭಾಷಾತಜ್ಞರು, ಮಗಳೂ ಅನುವಾದಕ್ಕೆ ಕೈ ಹಾಕಿದ್ದಳು. ಮನೆಮಂದಿ ಸೇರಿ ‘ಕೆದಕಿ ಹುರಿ’ ಅನ್ನೋ ಅರ್ಥ ಬರೋ ಹಾಗೆ ಎರಡು ಸಣ್ಣ ಮಾತು ಜೋಡಿಸಿದರು. ಈಗ ಅದು ಇಡೀ ಲೋಕದ ಮಾತು. ಅವರು ಚೀನೀ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೈ ತೊಳೆದುಕೊಳ್ಳಬಹುದಿತ್ತಲ್ಲ?

ಅದೇ ಪುಸ್ತಕದಲ್ಲಿ ಚೀನೀ ಕಡುಬಿಗೆ ‘ಪಾಟ್‌ಸ್ಟಿಕರ್’ ಅನ್ನೋ ಹೆಸರೂ ಹುಟ್ಟಿತು. ಅಂದರೆ ತಳ ಹಿಡಿದದ್ದು.

ಮಸಾಲೆಡಬ್ಬಿ:

ತಳ ಹಿಡಿಯೋ ವಿಷಯ ಬಂತಲ್ಲ, ನನ್ನದೊಂದು ದುಃಖ ಇದೆ. ನಮ್ಮಲ್ಲಿ ತಳ ಹಿಡಿದರೆ ಬೈಗುಳ. ಉತ್ತರ ಕರ್ನಾಟಕದವರು ತಳ ಹತ್ತಿತು ಅನ್ನುತ್ತಾರೆ, ಕರಾವಳಿಯವರು ಅಡಿ ಹಿಡಿಯಿತು ಅನ್ನುತ್ತಾರೆ, ಬೈಗುಳ ಮಾತ್ರ ಎಲ್ಲಾ ಕಡೆ ಒಂದೇ. ಇರಾನಿನಲ್ಲಿ ಹೋಗಿ ನೋಡಿ. ಅನ್ನದ ತಳದಲ್ಲಿ ಬೇಕು ಅಂತಲೇ ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಚಿನ್ನದ ಬಣ್ಣದ ಗರಿಗರಿ ಪದರ ಕಟ್ಟಿಸುತ್ತಾರೆ. ಹೆಸರು ‘ತಹ್‌ದೀಗ್’. ತಹ್ ಅಂದರೆ ತಳ, ದೀಗ್ ಅಂದರೆ ಪಾತ್ರೆ. ಬಿರಿಯಾನಿ ಮಾಡೋ ‘ದೇಗ್’ ಇದೆಯಲ್ಲ, ಅದೂ ಇದೇ ಮಾತು. ಪಾತ್ರೆಯನ್ನು ಮಗುಚಿ ತಟ್ಟೆಗೆ ಹಾಕಿದಾಗ ಆ ಪದರ ಒಡೆಯದೆ ಬಂದರೆ ಅಡುಗೆಯವಳ ಮುಖ ನೋಡಬೇಕು. ನೆಂಟರು ಅದಕ್ಕೇ ಜಗಳ ಆಡೋದು.

ಸ್ಪೇನಿನವರು ಪಾಯೆಯ್ಯಾ ಅನ್ನೋ ಅನ್ನದ ಅಡುಗೆಯ ತಳಕ್ಕೆ ‘ಸೊಕರ್ರಾಟ್’ ಅಂತ ಹೆಸರಿಟ್ಟಿದ್ದಾರೆ. ಕೊರಿಯಾದವರದು ‘ನುರುಂಜಿ’, ಅದಕ್ಕೆ ಬಿಸಿನೀರು ಹಾಕಿ ಕುಡಿಯುತ್ತಾರೆ. ನಮ್ಮಜ್ಜಿ ಮನೆಯಲ್ಲಿ ಅದನ್ನು ಸೀಕು ಅನ್ನುತ್ತಿದ್ದರು. ಬೆಲ್ಲ ಸವರಿ ತಿನ್ನೋಕೆ ಮೊಮ್ಮಕ್ಕಳ ಸಾಲು ಇರುತ್ತಿತ್ತು. ನಾನ್‌ಸ್ಟಿಕ್ ಬಂತು, ಸೀಕೂ ಹೋಯಿತು, ಮಾತೂ ಹೋಯಿತು.

ಕುಡ್ಲದ ಕುವರಿ:

ಬ್ರೇಸ್ ಮಾಡೋದು ಅಂತ ಹೋಟೆಲಿನವರು ಹೇಳುತ್ತಾರಲ್ಲ, ಅದು ಮೂಲದಲ್ಲಿ ಫ್ರೆಂಚಿನ ‘ಕೆಂಡ’. ಮುಚ್ಚಳದ ಮೇಲೂ ಕೆಂಡ ಹಾಕಿ ನಿಧಾನಕ್ಕೆ ಬೇಯಿಸೋದು. ಗೋವಾದ ಬೆಬಿಂಕಾ ಗೊತ್ತಲ್ಲ, ತೆಂಗಿನ ಕರಟದ ಕೆಂಡ ಮೇಲಿಟ್ಟು ಒಂದೊಂದೇ ಪದರ ಬೇಯಿಸುತ್ತಾರೆ. ಓವನ್ ಇಲ್ಲದೆಯೇ ಓವನ್ ಕೆಲಸ.

ಗೋವಾದ ಮಾಂಸದ ಅಡುಗೆ ವಿಂದಾಲೂನಲ್ಲಿ ಆಲೂಗಡ್ಡೆ ಹುಡುಕೋರಿಗೂ ಒಂದು ಮಾತು. ಅದು ಪೋರ್ಚುಗೀಸರ ‘ವಿನ್ಯಾ ದಾಲ್ಯುಸ್’. ವೈನು, ಬೆಳ್ಳುಳ್ಳಿ. ಗೋವಾದಲ್ಲಿ ವೈನಿನ ಜಾಗಕ್ಕೆ ಕಳ್ಳಿನ ವಿನೆಗರ್ ಬಂತು. ಆಲೂ ಬಂದದ್ದು ಬರೀ ಹೆಸರು ಕೇಳಿ.

ನೀರುಮಜ್ಜಿಗೆ:

ಅಯ್ಯೋ ಎಷ್ಟೊಂದು ಬರೆದಿದ್ದೀರಿ! ಎಲ್ಲಾ ಅಮ್ಮನಿಗೆ ಓದಿ ಹೇಳಿದೆ. ನುಂಗು ಅನ್ನೋದು ಕೇಳಿ ನೈಜೀರಿಯಾದವರ ಮೇಲೆ ಬಹಳ ಗೌರವ ಬಂದಿದೆ. ಆದರೆ ಮಡಚೋದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಶನಿವಾರ ಮಗಳ ಹುಟ್ಟುಹಬ್ಬ.

ಜೋಳದರೊಟ್ಟಿ:

ತಪ್ಪಾಯಿತು ಅಕ್ಕಾರ, ನಾನೇ ಹೇಳಬೇಕಿತ್ತು. ಮೊಟ್ಟೆಯ ಬಿಳಿ ಕಡೆದಾಗ ಅದರಲ್ಲಿ ಗಾಳಿ ಸೇರಿರುತ್ತೆ. ಕೇಕು ಉಬ್ಬೋದು ಆ ಗಾಳಿಯಿಂದ. ಗರಗರ ತಿರುವಿದರೆ ಗುಳ್ಳೆ ಒಡೆದು ಗಾಳಿ ಹೋಯಿತು. ಅಗಲವಾದ ಚಪ್ಪಟೆ ಸೌಟು ತೆಗೆದುಕೊಂಡು, ನಡುವೆ ಇಳಿಸಿ, ತಳ ಸವರಿಕೊಂಡು ಬಂದು, ಕೆಳಗಿನದನ್ನು ಮೇಲಕ್ಕೆ ಮಗುಚಿ ಹಾಕೋದು. ಪಾತ್ರೆ ಸ್ವಲ್ಪ ತಿರುಗಿಸಿ ಮತ್ತೆ ಅದೇ. ಹದಿನೈದು ಇಪ್ಪತ್ತು ಸಲಕ್ಕೆ ಮುಗಿಸಿ. ನೊರೆಯ ಒಂದೆರಡು ಬಿಳಿ ಗೆರೆ ಉಳಿದರೂ ಪರವಾಗಿಲ್ಲ. ‘ತಳದಿಂದ ಮಗುಚು’ ಅಂತ ಬರೆಯಿರಿ ಸಾಕು. ಚಿತ್ರಾನ್ನಕ್ಕೆ ಅನ್ನದ ಅಗುಳು ಮುರಿಯದ ಹಾಗೆ ಕಲಸುತ್ತಾರಲ್ಲ, ಆ ಕೈ.

ಟೆಕ್ಕಿ ತಿಂಡಿಪೋತ:

ಸರಿ, ಸೋತೆ. ಆದರೆ ಉಮಾಮಿ? ಅದಕ್ಕೂ ಕನ್ನಡ ಇದೆಯಾ?

ಮಸಾಲೆಡಬ್ಬಿ:

ಅದನ್ನು ಹಾಗೇ ಬಿಡಿ. 1908ರಲ್ಲಿ ಟೋಕಿಯೋದ ರಸಾಯನಶಾಸ್ತ್ರದ ಪ್ರೊಫೆಸರ್ ಕಿಕುನಾಯೆ ಇಕೆಡಾ ಅವರು ಕೊಂಬು ಅನ್ನೋ ಕಡಲ ಪಾಚಿಯ ಸಾರಿನಿಂದ ಗ್ಲುಟಮೇಟ್ ಅನ್ನೋ ವಸ್ತು ಬೇರೆ ಮಾಡಿ, ಅದರ ರುಚಿಗೆ ಇಟ್ಟ ಹೆಸರು ಅದು. ನಮ್ಮ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರಿನ ಪಟ್ಟಿಯಲ್ಲಿ ಅದು ಇಲ್ಲ. ಮುಂದಿನ ವರ್ಷವೇ ಪುಡಿಯಾಗಿ ಮಾರಾಟಕ್ಕೂ ಬಂತು. ಗೋಬಿ ಮಂಚೂರಿ ಗಾಡಿಯಲ್ಲಿ ನೀನು ದಿನಾ ತಿನ್ನೋ ಟೇಸ್ಟಿಂಗ್ ಪೌಡರ್ ಅದೇ.

ಒರಳುಕಲ್ಲು:

ಹುಟ್ಟುಹಬ್ಬಕ್ಕೆ ಮಿಠಾಯಿ ಏನಾದರೂ ಮಾಡೋದಿದ್ದರೆ ಅಮ್ಮನ ಕೈಗೆ ಥರ್ಮಾಮೀಟರ್ ಕೊಡಬೇಡಿ. ಅಲ್ಲಿನ ಪುಸ್ತಕಗಳಲ್ಲಿ ಎಳೆಯ ಹಂತ 106ರಿಂದ 112 ಡಿಗ್ರಿ, ಮೆತ್ತನೆ ಉಂಡೆಯ ಹಂತ 112ರಿಂದ 116 ಅಂತ ಇರುತ್ತೆ. ನಮ್ಮ ಎಳೆಪಾಕ, ಉಂಡೆಪಾಕಗಳೇ ಅವು. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡೋ ಪರೀಕ್ಷೆಯೂ ಎರಡು ಕಡೆ ಒಂದೇ. ಚಿಕ್ಕಿಯ ಪಾಕವಾದರೆ ಆ ಉಂಡೆ ತಟ್ಟೆಗೆ ಎಸೆದಾಗ ಟಣ್ ಅನ್ನಬೇಕು. ಅದು ಯಾವ ಪುಸ್ತಕದಲ್ಲೂ ಇಲ್ಲ.

ನೀರುಮಜ್ಜಿಗೆ:

ಕೇಕು ಉಬ್ಬಿತು! ಇವತ್ತು ಫ್ರಿಜ್ ಮೇಲೆ ನನ್ನ ಚೀಟಿ ಇಲ್ಲ. ಅಮ್ಮನೇ ಬರೆದು ಅಂಟಿಸಿದ್ದಾರೆ. ಹಾಗೇ ಇಳಿಸಿದ್ದೇನೆ:

‘ಈರುಳ್ಳಿ ಉಪ್ಪು ಹಾಕಿ ಬಾಡಿಸೋದು. ಕೆಂಪಾದರೆ ಕೆಟ್ಟಿತು. ತರಕಾರಿ ನೀರು ಹಾಕಿ ಒಂಬತ್ತರಲ್ಲಿ ಕುದಿ ಬರಿಸಿ ಮೂರಕ್ಕೆ ಇಳಿಸೋದು. ಪಾಸ್ತಾ ಗೋರಿಕಾಯಿ ಹದ. ಬಸಿದ ನೀರು ಚೆಲ್ಲಬಾರದು. ಕೇಕಿನ ನೊರೆ ಮುದ್ದೆ ತೊಳಸಿದ ಹಾಗೆ ತೊಳಸಬಾರದು, ಚಿತ್ರಾನ್ನದ ಕೈ.’

ಚೆಲ್ಲಬಾರದು ಅಂದದ್ದನ್ನು ಅಕ್ಷರಶಃ ಪಾಲಿಸಿದ್ದಾರೆ. ಸಂಜೆ ಬಂದಾಗ ಒಲೆ ಮೇಲೆ ಇನ್ನೊಂದು ಪಾತ್ರೆ. ಪಾಸ್ತಾ ಬಸಿದ ನೀರಿಗೆ ಹುಣಸೆಹಣ್ಣು, ಜಜ್ಜಿದ ಬೆಳ್ಳುಳ್ಳಿ, ಊರಿಂದ ತಂದ ಸಾರಿನ ಪುಡಿ, ಮೇಲೊಂದು ಇಂಗಿನ ಒಗ್ಗರಣೆ. ಮಗಳು ಎರಡು ಲೋಟ ಕುಡಿದಳು. ಮಿಲಾನ್ ಮಾವ, ಇದಕ್ಕೆ ಇಟಾಲಿಯನ್‌ನಲ್ಲಿ ಏನಂತಾರೆ?

ಮಿಲಾನ್ ಮಾವ:

ಪಕ್ಕದ ಮನೆ ಅಜ್ಜಿಯನ್ನು ಕೇಳೋಕೆ ಧೈರ್ಯ ಇಲ್ಲಮ್ಮ. ಅಳತೆ ಕಳಿಸಿ, ಬಾಗಿಲು ಹಾಕಿಕೊಂಡು ಮಾಡುತ್ತೇನೆ.